ಸಿಗಡಿ ಆರಾಮಾಗಿತ್ತು: ಮಂಗಳೂರಿನ ಒಂದು ಉಪ್ಪುನೀರಿನ ಟ್ಯಾಂಕಿನ ಪ್ರಕರಣ

ಮಂಗಳೂರಿನ ಒಂದು ಫ್ಲಾಟಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಜುಲೈ ಮೊದಲ ವಾರದಲ್ಲಿ ನಡೆದದ್ದು ಇದು. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಸಂಜೆಯೊಳಗೆ 8 ಮೀನುಗಳಲ್ಲಿ 5 ಸತ್ತವು. ಮನೆಯವರು ಬರೆಯಿರಿ ಅಂದಿದ್ದಾರೆ, ಆದರೆ ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಯಜಮಾನರನ್ನು ರಾಯರು ಅಂತಲೂ ಅವರ ಹೆಂಡತಿಯನ್ನು ಅಕ್ಕ ಅಂತಲೂ ಕರೆಯುತ್ತೇನೆ. ಬಡಾವಣೆ, ಅಂಗಡಿ, ಅಪಾರ್ಟ್‌ಮೆಂಟ್ ಯಾವುದರ ಹೆಸರೂ ಬರುವುದಿಲ್ಲ. ಮೀನಿನ ಲೆಕ್ಕ ಮತ್ತು ದಿನದ ಲೆಕ್ಕ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ಈ ಪ್ರಕರಣದಲ್ಲಿ ದಿನದ ಲೆಕ್ಕವೇ ಎಲ್ಲ. ಮೀನಿಗೆ ತೊಂದರೆಯಾದರೆ ಅವರು ಫೋನ್ ಮಾಡಿ ಕೇಳುವುದು ನನ್ನನ್ನು, ಆದರೆ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಅದು ಮುಂದೆ ಬರುತ್ತದೆ.

ಟ್ಯಾಂಕ್

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್, ಸುಮಾರು 250 ಲೀಟರ್ ನೀರು. ಕೆಳಗೆ ಸ್ಟ್ಯಾಂಡಿನೊಳಗೆ ಫಿಲ್ಟರ್ ತೊಟ್ಟಿ, ಅದರಲ್ಲಿ ಸ್ಕಿಮ್ಮರ್, ಅಂದರೆ ನೀರಿಗೆ ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ. ಈ ತೊಟ್ಟಿಗೆ ನಾವೆಲ್ಲ ಸಂಪ್ ಅನ್ನುತ್ತೇವೆ. ಶುರುವಿನಲ್ಲಿ ರಾಯರು "ನಾಳೆ ಸಂಪ್ ಕ್ಲೀನ್ ಮಾಡ್ಬೇಕು" ಅಂದದ್ದನ್ನು ಕೇಳಿ ಅಕ್ಕ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಫೋನ್ ಮಾಡಿದ್ದರಂತೆ.

ಟ್ಯಾಂಕಿಗೆ ಮೂರು ವರ್ಷ ಆಗಿತ್ತು. ಒಂದು ಜೋಡಿ ಕ್ಲೌನ್ ಮೀನು, ಹಳದಿ ಬಾಲದ ನೀಲಿ ಡ್ಯಾಮ್ಸೆಲ್, ಫಾಕ್ಸ್‌ಫೇಸ್, ಫೈರ್‌ಫಿಶ್, ಆರು ಗೆರೆಯ ರ‍್ಯಾಸ್, ಪಾಚಿ ತಿನ್ನುವ ಒಂದು ಬ್ಲೆನ್ನಿ. ಒಟ್ಟು 7. ಜೊತೆಗೆ ಒಂದು ಕ್ಲೀನರ್ ಸಿಗಡಿ, ಐದಾರು ಹರ್ಮಿಟ್ ಏಡಿ, ಗಾಜು ಕೆರೆಯುವ ಬಸವನಹುಳುಗಳು. ಮೂರು ವರ್ಷದಲ್ಲಿ ಸತ್ತದ್ದು ಎರಡೇ ಮೀನು. ಅದರಲ್ಲಿ ಒಂದು ಹಾರಿ ಹೊರಗೆ ಬಿದ್ದದ್ದು.

ಒಂದು ಹಳೇ ಬ್ಯಾಂಕ್ ಡೈರಿಯಲ್ಲಿ ಪ್ರತಿ ಭಾನುವಾರ ಉಪ್ಪಿನಂಶ, ಉಷ್ಣತೆ, ನೈಟ್ರೇಟ್, ನೀರು ಬದಲಿಸಿದ ಲೆಕ್ಕ ಬರೆಯುತ್ತಿದ್ದರು. ಕೆಂಪು ಶಾಯಿ, ನೀಲಿ ಶಾಯಿ ಬೇರೆ ಬೇರೆ. ಇಷ್ಟು ಶಿಸ್ತಿನ ಮನೆಯಲ್ಲಿ ಹೀಗಾಯಿತಲ್ಲ ಅಂತ ನನಗೂ ಆಶ್ಚರ್ಯವಾಗಿತ್ತು.

ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಸಮುದ್ರ ಇಲ್ಲೇ ಉಂಟಲ್ಲ, ಉಪ್ಪನ್ನು ದುಡ್ಡು ಕೊಟ್ಟು ತರುದು ಯಾಕೆ?" ಚಳಿಗಾಲದಲ್ಲಿ ದಡದಿಂದ ಸ್ವಲ್ಪ ದೂರದ ತಿಳಿ ನೀರು ಸಿಕ್ಕಿದರೆ ಬಳಸಬಹುದು, ಬಳಸುವವರೂ ಇದ್ದಾರೆ. ಮಳೆಗಾಲದಲ್ಲಿ ಆಗುವುದಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಎರಡೂ ಕೆಂಪು ನೀರನ್ನು ಇಲ್ಲೇ ತಂದು ಸುರಿಯುತ್ತವೆ. ದಡದ ನೀರು ಸಪ್ಪೆಯಾಗುತ್ತದೆ, ಕೆಸರಾಗುತ್ತದೆ. ದೂರ ಹೋಗಿ ತರೋಣ ಅಂದರೆ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಹಾಗಾಗಿ ರಾಯರು ವರ್ಷವಿಡೀ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಕಲಸುತ್ತಾರೆ, ಲೀಟರಿಗೆ 35ರಿಂದ 38 ಗ್ರಾಂ. ನೀರಿನ ಮೂಲವನ್ನು ಸಂಶಯದ ಪಟ್ಟಿಯಿಂದ ನಾನು ಮೊದಲೇ ತೆಗೆದದ್ದು ಈ ಕಾರಣಕ್ಕೆ.

ಹಪ್ಪಳದ ಟ್ಯಾಂಕ್

ಕಥೆ ಶುರುವಾಗುವುದು ಒಂದು ವಾರ ಹಿಂದೆ. ರಾಯರಿಗೆ ಬಹಳ ದಿನದಿಂದ ಪೌಡರ್ ಬ್ಲೂ ಟ್ಯಾಂಗ್ ಮೇಲೆ ಆಸೆ. ನಮ್ಮ ಹಿಂದೂ ಮಹಾಸಾಗರದ್ದೇ ಮೀನು, ಆಕಾಶನೀಲಿ ಮೈ, ಹಳದಿ ರೆಕ್ಕೆ, ಕಪ್ಪು ಮುಖ. ನೋಡಿದರೆ ಯಾರಿಗೂ ಬೇಕು ಅನಿಸುತ್ತದೆ. 4 ಅಡಿ ಟ್ಯಾಂಕಿಗೆ ಆ ಮೀನು ಸರಿಯಲ್ಲ, ಅದು ಈಜಾಡಲು ಜಾಸ್ತಿ ಜಾಗ ಕೇಳುವ ಜಾತಿ. ರೋಗ ಹಿಡಿಯುವುದರಲ್ಲೂ ಎಲ್ಲರಿಗಿಂತ ಮುಂದೆ. ನಾನು ಎರಡು ಸಲ ಬೇಡ ಅಂದಿದ್ದೆ. ಮೂರನೇ ಸಲ ಅವರು ನನ್ನನ್ನು ಕೇಳಲಿಲ್ಲ.

ಮೀನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹೊರಟಿತು. ಶಿರಾಡಿ ಘಾಟಿಯಲ್ಲಿ ಮಳೆ, ಲಾರಿಗಳ ಸಾಲು. ಬೆಳಿಗ್ಗೆ 7ಕ್ಕೆ ಬರಬೇಕಾದದ್ದು ಮಧ್ಯಾಹ್ನ ಬಂತು. ಮೀನು ಚೀಲದೊಳಗೆ ಹತ್ತಿರ ಹತ್ತಿರ 20 ಗಂಟೆ ಇತ್ತು.

ಹೊಸ ಮೀನನ್ನು ಬೇರೆ ಇಡಬೇಕು ಅನ್ನುವುದು ರಾಯರಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೆಂದೇ 2 ಅಡಿಯ ಕ್ವಾರಂಟೈನ್ ಟ್ಯಾಂಕ್ ತಂದಿದ್ದರು. ಅದು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿತ್ತು. ಅದರ ತುಂಬ ಹಲಸಿನ ಹಪ್ಪಳ. ಮೇ ತಿಂಗಳಲ್ಲಿ ಊರಿನಿಂದ ಬಂದ ಹಪ್ಪಳಕ್ಕೆ ಮಳೆಗಾಲದಲ್ಲಿ ತಂಡಿ ಹಿಡಿಯಬಾರದು ಅಂತ ಅಕ್ಕ ಕಟ್ಟು ಕಟ್ಟಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟ್ಯಾಂಕಿನೊಳಗೆ ಜೋಡಿಸಿ, ಮೇಲೆ ಹಲಗೆ ಮುಚ್ಚಿದ್ದರು. ಗಾಳಿಯಾಡದ ಗಾಜಿನ ಪೆಟ್ಟಿಗೆ. ಹಪ್ಪಳಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ನಿಜ ಹೇಳಬೇಕೆಂದರೆ.

ಮೀನು ಸುಸ್ತಾಗಿದೆ. ಹಪ್ಪಳ ತೆಗೆದು, ಟ್ಯಾಂಕ್ ತೊಳೆದು, ನೀರು ಕಲಸುವಷ್ಟು ಹೊತ್ತು ಅದನ್ನು ಕಾಯಿಸುವುದು ಪಾಪ ಅನಿಸಿತು ರಾಯರಿಗೆ. ಚೀಲ ಬಿಚ್ಚಿ, ಎರಡು ಗಂಟೆ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರು ಸೇರಿಸಿ, ನೇರ ದೊಡ್ಡ ಟ್ಯಾಂಕಿಗೇ ಬಿಟ್ಟರು. ಆ ಎರಡು ಗಂಟೆಯೂ ತಪ್ಪೇ. ಹೊತ್ತು ಜಾಸ್ತಿಯಾದ ಚೀಲದ ನೀರಿನಲ್ಲಿ ಅಮೋನಿಯಾ ತುಂಬಿರುತ್ತದೆ. ಚೀಲ ಮುಚ್ಚಿರುವಾಗ ಪಿಎಚ್ ಕೆಳಗಿರುವುದರಿಂದ ಅದು ಅಷ್ಟು ಕೆಡುಕು ಮಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ದೂರದಿಂದ ಬಂದ ಮೀನನ್ನು ಉಷ್ಣತೆ ಹೊಂದಿಸಿ, ಉಪ್ಪಿನಂಶ ನೋಡಿ, ಬೇಗ ಹೊರಗೆ ತೆಗೆಯಬೇಕು.

ಮೀನು ಮಾತ್ರ ಎರಡನೇ ದಿನಕ್ಕೆ ಒಣ ಪಾಚಿ ಹಾಳೆ ಕಿತ್ತು ತಿನ್ನತೊಡಗಿತು. ರಾಯರು ಡೈರಿಯಲ್ಲಿ ಬರೆದರು: "ಪೌಡರ್ ಬ್ಲೂ, ಶನಿವಾರ ಬಿಟ್ಟದ್ದು, ತಿನ್ನುತ್ತಿದೆ, ಖುಷಿ."

ಶನಿವಾರ, ಭಾನುವಾರ

ಮುಂದಿನ ಶುಕ್ರವಾರ ಸಂಜೆ ಅಪಾರ್ಟ್‌ಮೆಂಟಿಗೆ ಫಾಗಿಂಗ್‌ನವರು ಬಂದರು. ಮಳೆಗಾಲದ ಮಂಗಳೂರಿನಲ್ಲಿ ಇದು ಹೊಸತಲ್ಲ. ಮಲೇರಿಯಾ, ಡೆಂಗ್ಯೂ ಇದ್ದಲ್ಲಿ ಹೊಗೆ ಬಿಡುತ್ತಾರೆ. ರಾಯರದ್ದು ಮೊದಲ ಮಹಡಿ. ಕಿಟಕಿ ಅರ್ಧ ತೆರೆದಿತ್ತು. ಹೊಗೆ ಹಾಲಿನೊಳಗೆ ಬಂತು, ಅಕ್ಕ ಕೆಮ್ಮಿದರು, ಕಿಟಕಿ ಮುಚ್ಚಿದರು.

ಶನಿವಾರ ಬೆಳಿಗ್ಗೆ ಆರೂವರೆಗೆ ನನಗೆ ಫೋನ್.

"ಮಾರಾಯ್ರೆ, ಎರಡು ಹೋಯ್ತು. ಪೌಡರ್ ಬ್ಲೂ, ಫೈರ್‌ಫಿಶ್ ಎರಡೂ. ನಿನ್ನೆ ಫಾಗಿಂಗ್‌ನವರು ಬಂದಿದ್ರು. ಎಂತ ಮಾಡುದು ಈಗ?"

ಪ್ರಶ್ನೆಯಲ್ಲೇ ಉತ್ತರ ಇತ್ತು, ನಾನು ಅದನ್ನು ಹಾಗೇ ನುಂಗಿದೆ. ಸಂಜೆ ಹೊಗೆ, ಬೆಳಿಗ್ಗೆ ಸಾವು. ಹೊಗೆಯಲ್ಲಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಅಥವಾ ಮೆಲಥಿಯಾನ್. ಎರಡೂ ನೀರಿನ ಜೀವಿಗಳಿಗೆ ಕೆಟ್ಟದ್ದು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಸ್ಕಿಮ್ಮರ್ ಕೂಡ. ಎಲ್ಲ ತಾಳೆಯಾಗುತ್ತಿತ್ತು. ಶೇಕಡಾ 30 ನೀರು ಬದಲಿಸಿ, ವಿಷ ಹೀರುವ ಹೊಸ ಕಾರ್ಬನ್ ಹಾಕಿ, ಏರ್ ಪಂಪಿನ ಪೈಪನ್ನು ಬೇರೆ ಕೋಣೆಗೆ ಎಳೆಯಿರಿ ಅಂದೆ. ಫೋನ್ ಇಟ್ಟು ಚಹಾ ಕುಡಿದೆ. ಉಳಿದವು ಹೇಗಿವೆ, ಯಾವುದು ಏನು ಮಾಡುತ್ತಿದೆ ಅಂತ ಒಂದು ಮಾತು ಕೇಳಲಿಲ್ಲ. ನನ್ನ ಕಡೆಯ ತಪ್ಪು ಇದೇ.

ಭಾನುವಾರ ರ‍್ಯಾಸ್ ಸತ್ತಿತು. ರಾಯರು ತಾವೇ ತೀರ್ಮಾನಿಸಿ ಇನ್ನೂ ಶೇಕಡಾ 40 ನೀರು ಬದಲಿಸಿದರು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಲಾಟೆ ಶುರುವಾಯಿತು. ಯಾರದೋ ನಾಯಿ ಊಟ ಬಿಟ್ಟಿದೆಯಂತೆ, ಇನ್ಯಾರದೋ ತುಳಸಿ ಬಾಡಿದೆಯಂತೆ. ರಾಯರು ಅಸೋಸಿಯೇಷನ್‌ಗೆ ಎರಡು ಪುಟದ ದೂರು ಬರೆದರು. ದಿನಾಂಕ, ಸಮಯ, ಸತ್ತ ಮೀನಿನ ಬೆಲೆ ಎಲ್ಲ ಅದರಲ್ಲಿತ್ತು.

ಅಂದು ಸಂಜೆ ಮತ್ತೆ ಫೋನ್ ಮಾಡಿದರು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20ರ ಹತ್ತಿರ, ಪಿಎಚ್ 8.1. ಇವೆಲ್ಲ ಸರಿ. ಉಪ್ಪಿನಂಶ ಮಾತ್ರ 1.025ರ ಹತ್ತಿರ ಇರಬೇಕಾದದ್ದು 1.021 ತೋರಿಸುತ್ತಿದೆ, ಅದರಿಂದ ಸತ್ತಿರಬಹುದಾ ಅಂತ ಕೇಳಿದರು. ಅವರದ್ದು ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಮುಳ್ಳಿಗೆ ಸಣ್ಣ ಗುಳ್ಳೆ ಅಂಟಿದರೂ, ಉಪ್ಪು ಗಟ್ಟಿಯಾಗಿ ಕೂತರೂ ಲೆಕ್ಕ ತಪ್ಪುತ್ತದೆ. ಮರುದಿನ ನನ್ನ ರಿಫ್ರಾಕ್ಟೋಮೀಟರ್ ತೋರಿಸಿದ್ದು 1.025. ನೀರಿನಲ್ಲಿ ತಪ್ಪಿರಲಿಲ್ಲ. ಇನ್ನು ನೀರಿಗೆ ಕರೆಂಟ್ ಲೀಕ್ ಆಗುತ್ತಿದೆಯಾ ಅನ್ನುವುದನ್ನೂ ಅವರ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿ ಹೋಗಿದ್ದ. ಏನೂ ಇರಲಿಲ್ಲ.

ಸೋಮವಾರ ಸಂಜೆ

ಸೋಮವಾರ ಬೆಳಿಗ್ಗೆ ಬ್ಲೆನ್ನಿ ಕಲ್ಲಿನ ಸಂದಿಯಲ್ಲಿ ಸತ್ತು ಸಿಕ್ಕಿತು. ಹೊಗೆ ಬಂದು ಮೂರು ದಿನ ಆಗಿದೆ, ಅರ್ಧಕ್ಕಿಂತ ಜಾಸ್ತಿ ನೀರು ಬದಲಾಗಿದೆ, ಕಾರ್ಬನ್ ಇದೆ. ವಿಷ ಆಗಿದ್ದರೆ ಈಗ ಕಡಿಮೆಯಾಗಬೇಕಲ್ಲ? ಸಾವು ದಿನಕ್ಕೊಂದರಂತೆ ಮುಂದುವರಿಯುತ್ತಿದೆ. ಕೆಲಸ ಮುಗಿಸಿ, ಮಳೆಯಲ್ಲಿ ನೆನೆದುಕೊಂಡು ಅವರ ಮನೆಗೆ ಹೋದೆ.

ಟ್ಯಾಂಕಿನ ಮುಂದೆ ಕೂತವನು ಮೊದಲು ಗಾಜಿನ ಮೇಲಿನ ಮುಚ್ಚಳ ಸರಿಸಿ ಕೈ ನೀರಿಗೆ ಇಳಿಸಿದೆ, ಬಿಸಿ ನೋಡಲು. 28 ಡಿಗ್ರಿ ಇರಬಹುದು. ಅಷ್ಟರಲ್ಲಿ ಕಲ್ಲಿನ ಅಡಿಯಿಂದ ಸಿಗಡಿ ಬಂತು. ಬೆನ್ನ ಮೇಲೆ ಕೆಂಪು, ನಡುವೆ ಬಿಳಿ ಗೆರೆ, ಉದ್ದದ ಬಿಳಿ ಮೀಸೆ. ನೇರ ನನ್ನ ಬೆರಳ ಮೇಲೆ ಹತ್ತಿ ಉಗುರಿನ ಸಂದಿಯನ್ನು ಕುಕ್ಕಲು ಶುರು ಮಾಡಿತು. ಸಣ್ಣ ಚಿಮುಟದಿಂದ ಜಿಗುಟಿದ ಹಾಗೆ, ಒಂದೇ ಸಮ, ಅವಸರ ಇಲ್ಲದೆ. ಮೂರು ವರ್ಷದಿಂದ ನಾನು ಕೈ ಹಾಕಿದಾಗಲೆಲ್ಲ ಮಾಡುವ ಕೆಲಸವೇ. ಕೈಯನ್ನು ಅಲ್ಲೇ ಬಿಟ್ಟು ಅದನ್ನು ನೋಡುತ್ತಾ ಕೂತೆ.

ಇದು ಯಾಕೆ ಬದುಕಿದೆ?

ಸೊಳ್ಳೆ ಕೊಲ್ಲುವ ಮದ್ದು ಸೊಳ್ಳೆಯ ನರಕ್ಕೆ ಹೊಡೆಯುತ್ತದೆ. ಸಿಗಡಿ, ಏಡಿಗಳು ಸೊಳ್ಳೆಯ ದೂರದ ನೆಂಟರು. ಮೀನು ಸಾಯುವುದಕ್ಕೆ ಬೇಕಾದ ಪ್ರಮಾಣಕ್ಕಿಂತ ತುಂಬ ಕಡಿಮೆಯಲ್ಲೇ ಅವು ಕಾಲು ಮೇಲೆ ಮಾಡಿ ಒದ್ದಾಡುತ್ತವೆ. ಫಾಗಿಂಗ್ ಹೊಗೆ ನಾಲ್ಕು ಮೀನನ್ನು ಕೊಂದಿದ್ದರೆ ಸಿಗಡಿ ಶುಕ್ರವಾರ ರಾತ್ರಿಯೇ ಹೋಗಬೇಕಿತ್ತು. ಹರ್ಮಿಟ್ ಏಡಿಗಳನ್ನು ಎಣಿಸಿದೆ, ಎಲ್ಲ ಇದ್ದವು, ಓಡಾಡುತ್ತಿದ್ದವು. ತಾಮ್ರ ಬಿದ್ದಿದ್ದರೂ ಮೊದಲು ಸಾಯುವುದು ಇವೇ. ಬಸವನಹುಳು ಗಾಜಿನ ಮೇಲಿತ್ತು. ಇಡೀ ಟ್ಯಾಂಕಿನಲ್ಲಿ ಸಾಯುತ್ತಿರುವುದು ಮೀನು ಮಾತ್ರ. ಮೀನನ್ನು ಮಾತ್ರ ಹುಡುಕಿ ಕೊಲ್ಲುವುದು ವಿಷ ಅಲ್ಲ, ಮೀನಿನ ಮೇಲೆ ಬದುಕುವ ಯಾವುದೋ ಜೀವಿ.

ಆಮೇಲೆ ಮೀನುಗಳನ್ನು ನೋಡಿದೆ. ಫಾಕ್ಸ್‌ಫೇಸ್ ಅಲೆ ಎಬ್ಬಿಸುವ ಪಂಪಿನ ನೀರು ಹೊಡೆಯುವಲ್ಲಿ ಮುಖ ಕೊಟ್ಟು ನಿಂತಿತ್ತು. ಉಸಿರಾಟ ಎಷ್ಟು ಜೋರೆಂದರೆ ಕಿವಿರಿನ ಮುಚ್ಚಳ ಎಣಿಸಲು ಆಗುತ್ತಿರಲಿಲ್ಲ. ಗಂಡು ಕ್ಲೌನ್ ಲೈಟ್ ಹಾಕಿದ ಕೂಡಲೇ ಕಲ್ಲಿನ ಹಿಂದೆ ಹೋಯಿತು. ಹೆಣ್ಣು ಕ್ಲೌನ್ ತಳದಲ್ಲಿ ಓರೆಯಾಗಿ ಮಲಗಿತ್ತು. ಆಮ್ಲಜನಕ ಕಮ್ಮಿಯಾದರೆ ಎಲ್ಲ ಮೀನೂ ಮೇಲೆ ಬಂದು ಬಾಯಿ ತೆರೆಯುತ್ತವೆ. ಇಲ್ಲಿ ಹಾಗಿರಲಿಲ್ಲ. ನೀರಿನಲ್ಲಿ ಗಾಳಿ ಇತ್ತು, ಅದನ್ನು ಎಳೆದುಕೊಳ್ಳುವ ಕಿವಿರು ಕೆಟ್ಟಿತ್ತು.

ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದೆ. ಹೆಣ್ಣು ಕ್ಲೌನಿನ ಬಿಳಿ ಪಟ್ಟಿಯ ಮೇಲೆ ಏನೂ ಕಾಣಲಿಲ್ಲ. ಕಿತ್ತಳೆ ಭಾಗದ ಅಂಚಿನಲ್ಲಿ, ಮೈ ತಿರುಗಿದಾಗ ಮಾತ್ರ, ಅರಿಶಿನ ಪುಡಿ ಊದಿದ ಹಾಗೆ ಸಣ್ಣ ಹೊಳಪು.

ಅಷ್ಟು ಹೊತ್ತು ಬಾಗಿಲ ಹತ್ತಿರ ನಿಂತಿದ್ದ ಅಕ್ಕನನ್ನು ಕೇಳಿದೆ, ಮೊದಲು ಏನಾದರೂ ಬೇರೆ ತರ ಕಂಡಿತ್ತಾ ಅಂತ.

"ಬುಧವಾರವೇ ಆ ಹೊಸ ಮೀನು ಕಲ್ಲಿಗೆ ಮೈ ಉಜ್ಜಿಕೊಳ್ತಾ ಇತ್ತು. ಎಮ್ಮೆ ಕಂಬಕ್ಕೆ ಉಜ್ಜಿದ ಹಾಗೆ. ಗುರುವಾರ ಸಣ್ಣದೂ ಶುರು ಮಾಡಿತು."

"ಹೇಳ್ಲಿಲ್ವಾ ನೀನು?" ರಾಯರು ಕೇಳಿದರು.

"ನನ್ನನ್ನು ಯಾರು ಕೇಳಿದ್ರು?"

ಬುಧವಾರ. ಫಾಗಿಂಗ್ ಆದದ್ದು ಶುಕ್ರವಾರ. ರಾಯರು ಎದ್ದು ಡೈರಿ ತಂದರು. ಪೌಡರ್ ಬ್ಲೂ ಬಿಟ್ಟದ್ದು ಶನಿವಾರ, ಉಜ್ಜಿದ್ದು ನಾಲ್ಕನೇ ದಿನ, ಮೊದಲ ಸಾವು ಏಳನೇ ದಿನ. ಡೈರಿಯಲ್ಲಿ ಎಲ್ಲ ಇತ್ತು, ಅಕ್ಕ ನೋಡಿದ್ದು ಒಂದು ಬಿಟ್ಟು. ದಿನಕ್ಕೆ ನಾಲ್ಕು ಸಲ ಟ್ಯಾಂಕಿನ ಮುಂದೆ ಕೂತು ಬೀನ್ಸ್ ಮುರಿಯುವವರು ಅವರು.

ಸ್ಲೈಡ್

ಇದು ವೆಲ್ವೆಟ್ ಅನ್ನುವ, ಪರಾವಲಂಬಿಯಿಂದ ಮೀನಿಗೆ ಬರುವ ರೋಗ ಅಂತ ನನಗೆ ಅನಿಸಿತ್ತು. ಅನಿಸಿದ್ದರ ಮೇಲೆ ಒಂದು ಸಲ ಆಗಲೇ ನಡೆದು ಕೆಟ್ಟಾಗಿತ್ತು. ಕಣ್ಣಿಂದ ನೋಡಬೇಕು ಅಂದೆ.

ಅಕ್ಕನ ಅಣ್ಣನ ಮಗ ಲ್ಯಾಬ್ ಟೆಕ್ನಿಷಿಯನ್. ಮಳೆಗಾಲ ಬಂತೆಂದರೆ ದಿನವಿಡೀ ಮಲೇರಿಯಾ ಸ್ಲೈಡ್ ನೋಡುವುದೇ ಅವನ ಕೆಲಸ. ಮನೆಯಲ್ಲಿ ಅವನದೇ ಒಂದು ಹಳೇ ಮೈಕ್ರೋಸ್ಕೋಪ್ ಉಂಟು ಅಂತ ಅಕ್ಕನೇ ನೆನಪು ಮಾಡಿದರು. ಅವನು ಸ್ಕೂಟರಿನ ಮುಂದೆ ಅದನ್ನು ರೈನ್‌ಕೋಟಿನಲ್ಲಿ ಸುತ್ತಿ ತರುವ ಹೊತ್ತಿಗೆ ಹೆಣ್ಣು ಕ್ಲೌನ್ ನಮ್ಮ ಕಣ್ಣೆದುರೇ ಸತ್ತಿತು. ಒಂದು ಲೆಕ್ಕದಲ್ಲಿ ಅದು ಉಪಕಾರವೇ ಆಯಿತು. ಈ ಪರಾವಲಂಬಿ ಸತ್ತ ಮೀನಿನ ಮೇಲೆ ಉಳಿಯುವುದಿಲ್ಲ, ಬೇಗ ಬಿಟ್ಟು ಹೋಗುತ್ತದೆ. ರಾತ್ರಿ ಸತ್ತದ್ದನ್ನು ಬೆಳಿಗ್ಗೆ ನೋಡಿದರೆ ಏನೂ ಸಿಗದೆ ಹೋಗಬಹುದು. ಬೆಳಿಗ್ಗೆ ಸತ್ತ ಬ್ಲೆನ್ನಿಯನ್ನು ರಾಯರು ಫ್ರಿಜ್ಜಿನಲ್ಲಿ ಇಟ್ಟಿದ್ದರು, ಅದನ್ನು ಮುಟ್ಟಲಿಲ್ಲ.

ಕಿವಿರಿನ ಒಂದು ಎಳೆ ಕತ್ತರಿಸಿ, ಟ್ಯಾಂಕಿನದೇ ಒಂದು ತೊಟ್ಟು ನೀರಿನಲ್ಲಿಟ್ಟು, ಮೇಲೆ ಗಾಜು ಮುಚ್ಚಿದೆವು. ಹುಡುಗ ಕಣ್ಣಿಟ್ಟ. "ಮಾಮ, ರಾಗಿ ಅಂಟಿದ ಹಾಗೆ ಉಂಟು" ಅಂದ. ಬಾಚಣಿಗೆ ಹಲ್ಲಿನಂಥ ಕಿವಿರಿನ ತುಂಬ ಕಂದು ಬಣ್ಣದ ಉರುಟು ಕಾಳುಗಳು. ಅಲುಗುತ್ತಿರಲಿಲ್ಲ. ಮೀನಿಗೆ ಬರುವ ಇನ್ನೊಂದು ರೋಗವಾದ ಬಿಳಿ ಚುಕ್ಕಿಯ ಪರಾವಲಂಬಿ ಆಗಿದ್ದರೆ ನಿಧಾನಕ್ಕೆ ತಿರುಗುತ್ತಿರುತ್ತದೆ, ಅದಕ್ಕೆ ಮೈಯೆಲ್ಲ ರೋಮ. ಇವು ಬೇರು ಬಿಟ್ಟ ಹಾಗೆ ಕೂತಿದ್ದವು. ಹುಡುಗನ ಪೆಟ್ಟಿಗೆಯಲ್ಲಿ ಮಲ ಪರೀಕ್ಷೆಗೆ ಬಳಸುವ ಲ್ಯೂಗಾಲ್ ಅಯೋಡಿನ್ ಇತ್ತು. ತೆಳು ಮಾಡಿ ಅಂಚಿನಿಂದ ಒಂದು ತೊಟ್ಟು ಬಿಟ್ಟ. ಕಾಳುಗಳು ಒಂದೊಂದೇ ಕಪ್ಪು ಕಂದಾದವು. ಅವುಗಳೊಳಗೆ ಪಿಷ್ಟ ಇರುತ್ತದೆ, ಅಯೋಡಿನ್ ತಾಗಿದರೆ ಆಲೂಗಡ್ಡೆ ಹೋಳಿನ ಹಾಗೆ ಬಣ್ಣ ತಿರುಗುತ್ತದೆ. ಅಮೈಲೂಡಿನಿಯಂ. ಅದೇ ವೆಲ್ವೆಟ್.

ಇದರ ಬದುಕಿನ ಲೆಕ್ಕ ಗೊತ್ತಾದರೆ ಆ ಮೂರು ದಿನ ಯಾಕೆ ಹಾಗೆ ಹೋಯಿತು ಅಂತ ತಿಳಿಯುತ್ತದೆ. ಮೀನಿನ ಕಿವಿರಿಗೆ ಅಂಟಿ ಕೆಲವು ದಿನ ತಿನ್ನುತ್ತದೆ. ತುಂಬಿದ ಮೇಲೆ ಉದುರಿ ಮರಳಿಗೋ ಕಲ್ಲಿಗೋ ಸೇರಿ ಕೋಶ ಕಟ್ಟುತ್ತದೆ. ಒಳಗೇ ಒಡೆದು ಎರಡು, ನಾಲ್ಕು, ಎಂಟು ಆಗುತ್ತಾ ಹೋಗಿ ಒಂದೇ ಕೋಶದಿಂದ 256ರವರೆಗೆ ಮರಿಗಳು ಹೊರಬರುತ್ತವೆ. ಅವು ಈಜಿ ಹೊಸ ಮೀನು ಹುಡುಕುತ್ತವೆ. ನಮ್ಮ ಊರಿನ ಬೆಚ್ಚಗಿನ ನೀರಿನಲ್ಲಿ ಒಂದು ಸುತ್ತು ಮುಗಿಯಲು ವಾರವೂ ಬೇಡ. ಮೊದಲ ಸುತ್ತಿನಲ್ಲಿ ಹೊಸ ಮೀನು ಮೈ ಉಜ್ಜಿಕೊಂಡಿತು. ಎರಡನೇ ಸುತ್ತಿನಲ್ಲಿ ಮನೆಯೇ ಮುಳುಗಿತು. ಮೊದಲು ಹಿಡಿಯುವುದು ಕಿವಿರಾದ್ದರಿಂದ ಮೈ ಮೇಲೆ ಚುಕ್ಕಿ ಕಾಣುವ ಮೊದಲೇ ಮೀನು ಸತ್ತಿರುತ್ತದೆ. ನೀರು ಎಷ್ಟು ಬದಲಿಸಿದರೂ ಕೋಶಗಳು ಕಲ್ಲಿನಲ್ಲೇ ಇರುತ್ತವೆ. ಎರಡು ದಿನ ನೀರು ಹೊತ್ತು ರಾಯರಿಗೆ ಸೊಂಟ ನೋವು ಬಂದದ್ದಷ್ಟೇ ಲಾಭ.

ಮೂರು ಮೀನು, ಒಂದು ರಾತ್ರಿ

ಉಳಿದದ್ದು ಫಾಕ್ಸ್‌ಫೇಸ್, ಗಂಡು ಕ್ಲೌನ್, ಡ್ಯಾಮ್ಸೆಲ್. ಏನು ಮಾಡುವುದು ಅಂತ ವಾದ ಆಯಿತು.

ರಾಯರ ಮೊದಲ ಸಲಹೆ, ಉಪ್ಪು ಇಳಿಸೋಣ. ಎರಡು ವರ್ಷದ ಹಿಂದೆ ಬಿಳಿ ಚುಕ್ಕಿ ಬಂದಾಗ 1.009ಕ್ಕೆ ಇಳಿಸಿ ಗೆದ್ದಿದ್ದರು. ವೆಲ್ವೆಟ್‌ಗೆ ಅದು ನಡೆಯುವುದಿಲ್ಲ. ಅರೆ ಉಪ್ಪುನೀರಿನಲ್ಲೂ ಅದು ಆರಾಮಾಗಿ ಇರುತ್ತದೆ. ಎರಡನೇ ಸಲಹೆ, ಮನೆಯಲ್ಲಿ ಮಲೇರಿಯಾದ ಕ್ಲೋರೋಕ್ವಿನ್ ಮಾತ್ರೆ ಉಂಟು, ಪುಡಿ ಮಾಡಿ ಟ್ಯಾಂಕಿಗೆ ಹಾಕೋಣ. ಇದು ತಮಾಷೆ ಅಲ್ಲ. ಕ್ಲೋರೋಕ್ವಿನ್ ಫಾಸ್ಫೇಟ್ ವೆಲ್ವೆಟ್‌ಗೆ ಕೆಲಸ ಮಾಡುತ್ತದೆ, ಬಳಸುವವರಿದ್ದಾರೆ. ಆದರೆ ಮಾತ್ರೆಯಲ್ಲಿ ಬೇರೆ ಪುಡಿಗಳೂ ಇರುತ್ತವೆ, ನೀರಿನಲ್ಲಿ ಎಷ್ಟು ಉಳಿದಿದೆ ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ, ದೊಡ್ಡ ಟ್ಯಾಂಕಿನ ಪಾಚಿ, ಸಣ್ಣ ಜೀವಿಗಳಿಗೆ ಪೆಟ್ಟು. ತಾಮ್ರವೂ ವೆಲ್ವೆಟ್‌ಗೆ ಮದ್ದು, ಅದನ್ನಾದರೆ ಕಿಟ್ಟಿನಲ್ಲಿ ಅಳೆಯಬಹುದು. ಆ ಕಿಟ್ ನನ್ನ ಹತ್ತಿರ ಇತ್ತು. ತಾಮ್ರ ದೊಡ್ಡ ಟ್ಯಾಂಕಿಗೆ ಬಿದ್ದರೆ ಸಿಗಡಿ ಸಾಯುತ್ತದೆ, ಕಲ್ಲು ತಾಮ್ರ ಹೀರಿ ಅಳತೆ ಕೆಡುತ್ತದೆ. ಹಾಗಾಗಿ ಬೇರೆ ಟ್ಯಾಂಕೇ ಬೇಕು.

ಎಲ್ಲರೂ ಯುಟಿಲಿಟಿ ಕಡೆ ನೋಡಿದೆವು. ಅಕ್ಕ ಒಂದು ಮಾತು ಆಡದೆ ಹಪ್ಪಳ ತೆಗೆಯಲು ಶುರು ಮಾಡಿದರು.

50 ಲೀಟರ್ ಹೊಸ ಉಪ್ಪುನೀರು, ಪಿವಿಸಿ ಪೈಪಿನ ಎರಡು ತುಂಡು ಅಡಗಲು, ಏರ್ ಸ್ಟೋನ್. ಫಿಲ್ಟರಿಗೆ ದೊಡ್ಡ ಟ್ಯಾಂಕಿನ ತೊಟ್ಟಿಯಿಂದಲೇ ಒಂದು ಸ್ಪಂಜ್ ತೆಗೆದುಕೊಂಡೆವು. ಅದರಲ್ಲಿ ಪರಾವಲಂಬಿಯೂ ಬರುತ್ತದೆ ಅಲ್ವಾ ಅಂತ ಕೇಳುವವರಿದ್ದಾರೆ. ಬರಬಹುದು. ಆದರೆ ಈಜುವ ಮರಿಗಳನ್ನು ತಾಮ್ರ ನೋಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಇಲ್ಲದ ಹೊಸ ಸ್ಪಂಜ್ ಹಾಕಿದರೆ ಮೂರನೇ ದಿನ ಅಮೋನಿಯಾ ಏರಿ ಅದೇ ಕೊಲ್ಲುತ್ತದೆ.

ಮೀನು ಹಿಡಿಯುವಾಗ 9:40ಕ್ಕೆ ಕರೆಂಟ್ ಹೋಯಿತು. ಇನ್‌ವರ್ಟರಿನಲ್ಲಿ ಒಂದು ಬಲ್ಬ್ ಮತ್ತು ಫ್ಯಾನ್ ಮಾತ್ರ. ಹುಡುಗ ಟಾರ್ಚ್ ಹಿಡಿದ, ನಾನು ಕಲ್ಲುಗಳನ್ನು ಒಂದೊಂದಾಗಿ ಬಕೆಟ್‌ಗೆ ಎತ್ತಿದೆ. ಫಾಕ್ಸ್‌ಫೇಸಿನ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ, ಬಲೆಗೆ ಸಿಕ್ಕಿದರೆ ಬಿಡಿಸುವವನ ಕೈಗೆ ಗ್ಯಾರಂಟಿ. ಐಸ್‌ಕ್ರೀಮ್ ಡಬ್ಬದೊಳಗೆ ಓಡಿಸಿ ಹಿಡಿದೆವು. ಮೂರಕ್ಕೂ ಸಿಹಿನೀರ ಸ್ನಾನ: ಆರ್‌ಒ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಪಿಎಚ್ ಏರಿಸಿ, ಅದೇ ಬಿಸಿಗೆ ತಂದು, ಗಾಳಿ ಬಿಟ್ಟು, 5 ನಿಮಿಷ. ಅಂಟಿದ್ದರಲ್ಲಿ ಒಂದಷ್ಟು ಬಿಟ್ಟು ಬೀಳುತ್ತವೆ. ಪೂರ್ತಿ ಅಲ್ಲ. ಡಬ್ಬದ ತಳದಲ್ಲಿ ಸಣ್ಣ ಧೂಳು ಕಂಡಿತು.

ಆಮೇಲೆ ತಾಮ್ರ, ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ. ಕಡಿಮೆಯಾದರೆ ಪರಾವಲಂಬಿ ಸಾಯುವುದಿಲ್ಲ, ಜಾಸ್ತಿಯಾದರೆ ಮೀನೇ ಸಾಯುತ್ತದೆ. ರಾಯರಿಗೆ ಹೇಳಿ ಮಾಡಿಸಿದ ಕೆಲಸ. ದಿನಕ್ಕೆ ಎರಡು ಸಲ ಅಳೆದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು, 30 ದಿನ.

ಆಮೇಲೆ

ಬುಧವಾರ ರಾತ್ರಿ ಫಾಕ್ಸ್‌ಫೇಸ್ ಸತ್ತಿತು. ಅದರ ಕಿವಿರು ಆಗಲೇ ಮುಗಿದಿತ್ತು ಅಂತ ನನ್ನ ಊಹೆ. ಶನಿವಾರವೇ ಅದನ್ನು ಬೇರೆ ತೆಗೆದಿದ್ದರೆ ಉಳಿಯುತ್ತಿತ್ತು ಅಂತಲೂ ನನಗೆ ಅನಿಸುತ್ತದೆ. ರಾಯರು ಹಾಗೆ ಹೇಳಲಿಲ್ಲ, ದೊಡ್ಡವರು. ಕ್ಲೌನ್, ಡ್ಯಾಮ್ಸೆಲ್ ಐದನೇ ದಿನಕ್ಕೆ ಊಟ ಶುರು ಮಾಡಿದವು. 8ರಲ್ಲಿ 2 ಉಳಿದವು.

ದೊಡ್ಡ ಟ್ಯಾಂಕನ್ನು ಆರು ವಾರ ಒಂದೂ ಮೀನಿಲ್ಲದೆ ಬಿಟ್ಟೆವು. ಅಂಟಲು ಮೀನು ಸಿಗದಿದ್ದರೆ ಮರಿಗಳು ಸಾಯುತ್ತವೆ, ಆರು ವಾರ ಕಾದರೆ ಭಯ ಇಲ್ಲ. ಅಷ್ಟು ದಿನ ಹಾಲಿನ ನಡುವೆ ಲೈಟ್ ಹಾಕಿದ 4 ಅಡಿ ಟ್ಯಾಂಕ್, ಒಳಗೆ ಒಂದು ಸಿಗಡಿ. ಬಂದವರಿಗೆಲ್ಲ ಅಕ್ಕ "ಇದು ಸಿಗಡಿಯ ಬಂಗ್ಲೆ" ಅನ್ನುತ್ತಿದ್ದರು. ಒಂದು ಟ್ಯಾಂಕಿನ ಬಲೆ, ಬಕೆಟ್, ಒದ್ದೆ ಕೈ ಕೂಡ ಇನ್ನೊಂದಕ್ಕೆ ತಾಗದ ಹಾಗೆ ನೋಡಿಕೊಂಡರು.

ಫಾಗಿಂಗ್ ಬಗ್ಗೆ ನನ್ನ ಸಂಶಯ ತಪ್ಪು ದಾರಿ ಹಿಡಿಯಿತೇ ಹೊರತು ಅದು ಹುಚ್ಚು ಸಂಶಯ ಆಗಿರಲಿಲ್ಲ. ಹೊಗೆ ಬರುವ ಸಂಜೆ ಕಿಟಕಿ ಮುಚ್ಚಿ, ಏರ್ ಪಂಪ್ ಆರಿಸಿ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ ಅಂತ ಈಗಲೂ ಹೇಳುತ್ತೇನೆ. ಸೊಳ್ಳೆ ಲಿಕ್ವಿಡ್ ಮಶೀನನ್ನು ಟ್ಯಾಂಕಿನ ಪಕ್ಕದ ಪ್ಲಗ್ಗಿಗೆ ಹಾಕಬೇಡಿ ಅಂತಲೂ. ಬದಲಾದದ್ದು ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ. ಯಾವುದು ಸತ್ತಿತು ಅಂತ ಅವರಾಗಿ ಹೇಳುತ್ತಾರೆ. ಸಿಗಡಿ, ಏಡಿ, ಬಸವನಹುಳು ಹೇಗಿವೆ ಅಂತ ನಾನು ಕೇಳುತ್ತೇನೆ. ಹೋದ ಒಂದು ತಿಂಗಳಲ್ಲಿ ಒಳಗೆ ಹೊಸತಾಗಿ ಏನು ಬಂತು ಅಂತ ಆಮೇಲೆ. ಕೊನೆಗೆ, ಮನೆಯಲ್ಲಿ ಟ್ಯಾಂಕಿನ ಮುಂದೆ ಜಾಸ್ತಿ ಕೂರುವವರು ಯಾರು, ಅವರಿಗೆ ಫೋನ್ ಕೊಡಿ ಅನ್ನುತ್ತೇನೆ. ಒಬ್ಬರು ಎರಡನೇ ಕ್ಲಾಸಿನ ಮಗಳಿಗೆ ಕೊಟ್ಟರು. ಅವಳಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು.

ಅಸೋಸಿಯೇಷನ್‌ಗೆ ಕೊಟ್ಟ ದೂರು ಏನಾಯ್ತು ಅಂತ ರಾಯರನ್ನು ಕೇಳಿದೆ. "ವಾಪಸ್ ತಗೊಂಡೆ. ನಾಯಿಯವರು ಈಗ ನನ್ನ ಹತ್ತಿರ ಮಾತಾಡುದಿಲ್ಲ" ಅಂದರು.

ಅಕ್ಟೋಬರಿನಲ್ಲಿ ಒಂದು ಸಣ್ಣ ಕ್ಲೌನ್ ಮರಿ ಬಂತು. ಹ್ಯಾಚರಿಯದ್ದು. ಹ್ಯಾಚರಿಯದ್ದಾದರೂ 30 ದಿನ ಹಪ್ಪಳದ ಟ್ಯಾಂಕಿನಲ್ಲೇ ಇತ್ತು. ಈಗ ಎರಡೂ ಜೊತೆಗಿವೆ. ಕ್ಲೌನ್ ಮೀನುಗಳಲ್ಲಿ ಹೆಣ್ಣು ಸತ್ತರೆ ಉಳಿದ ಗಂಡೇ ಬೆಳೆದು ಹೆಣ್ಣಾಗುತ್ತದೆ. ಹಳೆಯದು ಈಗ ದಪ್ಪವಾಗಿದೆ, ಮರಿಯನ್ನು ಅಟ್ಟುತ್ತದೆ, ಮೂಲೆಯ ಕಲ್ಲು ಪೂರ್ತಿ ತನ್ನದು ಅನ್ನುತ್ತದೆ. ರಾಯರು ಡೈರಿಯಲ್ಲಿ ಇನ್ನೂ "ಗಂಡು" ಅಂತಲೇ ಬರೆಯುತ್ತಿದ್ದಾರೆ. ಹಪ್ಪಳ ಸದ್ಯ ಫ್ರಿಜ್ಜಿನ ಮೇಲಿದೆ, ಸ್ವಲ್ಪ ಮೆತ್ತಗಾಗಿದೆ.